ಇಳಿಸುವ ಮುನ್ನ ಓಡಿಸಿ ನೋಡಬೇಕು

ಮಕ್ಕಳೇ, ಕೆಂಚಾರ್ಲಹಳ್ಳಿ ಸುತ್ತಮುತ್ತ ಕೊಳವೆಬಾವಿಗೆ ಮೋಟಾರು ಇಳಿಸುವುದನ್ನು ನೀವು ನೋಡಿರಬಹುದು. ಇಳಿಸುವ ಮುನ್ನ ಮೆಕ್ಯಾನಿಕ್ ಕೇಬಲ್ಲಿನ ಜಾಯಿಂಟನ್ನು ನೋಡುತ್ತಾನೆ. ಮೋಟಾರನ್ನು ಮೇಲೆಯೇ ಕ್ಷಣಕಾಲ ಓಡಿಸುತ್ತಾನೆ. ಸಾವಿರ ಅಡಿ ಇಳಿದ ಮೇಲೆ ಕೆಟ್ಟರೆ ಎಲ್ಲ ಪೈಪುಗಳನ್ನೂ ಮತ್ತೆ ಎತ್ತಬೇಕು. ಹಾಗಾದರೆ ಚಂದ್ರನಿಗೆ ಕಳಿಸಿದ ಯಂತ್ರ ಕೆಟ್ಟರೆ ಎತ್ತುವವರು ಯಾರು?

2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಚಂದ್ರನ ಮೇಲಿಳಿಯಿತು. ಅದಕ್ಕೆ ಬಿಸಿಲೇ ವಿದ್ಯುತ್ತಿನ ಮೂಲ. ಚಂದ್ರನ ರಾತ್ರಿ ನಮ್ಮ ಸುಮಾರು 14 ದಿನಗಳಷ್ಟು ಉದ್ದ, ಚಳಿಯೂ ಭೀಕರ. ಆ ರಾತ್ರಿ ಕಳೆದ ಮೇಲೆ ವಿಕ್ರಮ್ ಏಳಲಿಲ್ಲ. ಮುಂದೆ ಮನುಷ್ಯರು ಅಲ್ಲಿ ನೆಲೆಸಬೇಕಾದರೆ ಬಿಸಿಲನ್ನು ನಂಬದ ವಿದ್ಯುತ್ತು ಬೇಕು. ಅದಕ್ಕೆ ಒಂದು ದಾರಿ ಬೈಜಿಕ ವಿದಳನ. ಯುರೇನಿಯಂ ಪರಮಾಣುವಿನ ಬೀಜ ಒಡೆದಾಗ ಶಾಖ ಬರುತ್ತದೆ. ಆ ಶಾಖದಿಂದ ವಿದ್ಯುತ್ ತಯಾರಿಸಬಹುದು. ಹೈಡ್ರೋಜನ್ ಅನಿಲವನ್ನು ಕಾಯಿಸಿ ರಭಸದಿಂದ ಹೊರಚಿಮ್ಮಿಸಿ ರಾಕೆಟ್ಟನ್ನೂ ನೂಕಬಹುದು.

ಇಂಥ ರಿಯಾಕ್ಟರನ್ನು ಪರೀಕ್ಷಿಸುವುದು ಹೇಗೆ? ಯುರೇನಿಯಂ ಇರಬೇಕಾದ ಜಾಗದಲ್ಲಿ ವಿದ್ಯುತ್ ಹೀಟರ್ ಇಡುತ್ತಾರೆ! ಶಾಖ ಎಲ್ಲಿಂದ ಬಂತು ಎಂದು ಕೊಳವೆಗಾಗಲಿ ಎಂಜಿನ್ನಿಗಾಗಲಿ ತಿಳಿಯದು. ಕೊಳವೆ ಬಿರಿದರೆ ಬಿಚ್ಚಿ, ಕೈಯಿಂದ ಮುಟ್ಟಿ ಸರಿಪಡಿಸಬಹುದು. ವಿದಳನ ನಡೆದ ರಿಯಾಕ್ಟರಿನ ಹತ್ತಿರ ಹಾಗೆ ಹೋಗಲಾಗದು, ಅಲ್ಲಿ ವಿಕಿರಣದ ಅಪಾಯವಿದೆ.

ಅಮೆರಿಕದ ನಾಸಾ ಸಂಸ್ಥೆ 'ಕ್ರಸ್ಟಿ' ಎಂಬ ಪುಟ್ಟ ರಿಯಾಕ್ಟರಿಗೆ ಹೀಗೆಯೇ ಮಾಡಿತು. ಮೊದಲು ಉಕ್ಕಿನ ತಿರುಳಿಟ್ಟು ಹೀಟರಿನಿಂದ ಕಾಯಿಸಿದರು. ಆಮೇಲೆ ಸರಪಳಿ ಕ್ರಿಯೆ ನಡೆಸಲಾರದ ಯುರೇನಿಯಂ ಇಟ್ಟು ಕಾಯಿಸಿದರು. ಕೊನೆಗೆ ನೆವಾಡದ ಮರುಭೂಮಿಯಲ್ಲಿ ನಿಜವಾದ ಇಂಧನ ಹಾಕಿ, 2018ರ ಮಾರ್ಚ್‌ನಲ್ಲಿ 28 ಗಂಟೆಗಳ ಪರೀಕ್ಷೆ ನಡೆಸಿದರು.

"ಹೀಟರ್ ಇಟ್ಟು ನೋಡುವುದು ಬರೀ ಆಟವಲ್ಲವೇ?" ಎಂದು ನೀವು ಕೇಳಬಹುದು. ಅಲ್ಲ ಎಂಬುದು ನನ್ನ ಅಭಿಪ್ರಾಯ. 1965ರಲ್ಲಿ ಅಮೆರಿಕ ಹಾರಿಸಿದ ಸ್ನಾಪ್-10ಎ ರಿಯಾಕ್ಟರ್ 43 ದಿನಗಳಲ್ಲೇ ನಿಂತುಹೋಯಿತು. ಕೆಟ್ಟದ್ದು ರಿಯಾಕ್ಟರಲ್ಲ, ಉಪಗ್ರಹದ ಒಂದು ವಿದ್ಯುತ್ ಭಾಗ. ತಂತಿ, ಬೆಸುಗೆ, ಕೊಳವೆಗಳಂಥ ಸಾಮಾನ್ಯ ಭಾಗಗಳೇ ಎಷ್ಟೋ ಸಲ ದೊಡ್ಡ ಯಂತ್ರವನ್ನು ನಿಲ್ಲಿಸುತ್ತವೆ. ಅವನ್ನು ಯುರೇನಿಯಂ ಇಲ್ಲದೆಯೇ ನೂರು ಸಲ ಪರೀಕ್ಷಿಸಬಹುದು.

ಆದರೆ ಹೀಟರ್ ಎಲ್ಲವನ್ನೂ ಹೇಳದು. ನ್ಯೂಟ್ರಾನ್‌ಗಳು ಹೇಗೆ ವರ್ತಿಸುತ್ತವೆ, ವಿಕಿರಣದಿಂದ ಲೋಹ ಎಷ್ಟು ಹಾಳಾಗುತ್ತದೆ ಎಂಬುದು ಅದರಿಂದ ತಿಳಿಯುವುದಿಲ್ಲ. ಆದ್ದರಿಂದ ಕೊನೆಯಲ್ಲಿ ನಿಜವಾದ ಪರೀಕ್ಷೆಯೂ ಬೇಕು. ಎಚ್ಚರ ತಪ್ಪಿದರೆ ಏನಾಗುತ್ತದೆ? 1978ರ ಜನವರಿಯಲ್ಲಿ ರಿಯಾಕ್ಟರ್ ಹೊತ್ತ ಸೋವಿಯತ್ ಉಪಗ್ರಹ ಕಾಸ್ಮೋಸ್-954 ಕೆನಡಾದ ಮೇಲೆ ಬಿದ್ದು, ವಿಕಿರಣ ಸೂಸುವ ಚೂರುಗಳು ಹರಡಿದವು.

ಬದಲಿ ವಸ್ತು ಇಟ್ಟು ಪರೀಕ್ಷಿಸುವ ಅಭ್ಯಾಸ ನಮ್ಮವರಿಗೂ ಇದೆ. ಚಂದ್ರಯಾನ-2ರ ಪರೀಕ್ಷೆಗೆ ಇಸ್ರೋ ತಮಿಳುನಾಡಿನ ಸೇಲಂ ಕಡೆಯ ಕಲ್ಲನ್ನು ಪುಡಿಮಾಡಿ ಬೆಂಗಳೂರಿನಲ್ಲಿ 'ಚಂದ್ರನ ಮಣ್ಣು' ಹಾಸಿತ್ತು. ಮುಂದೆ ನಮ್ಮ ದೇಶ ಅಂತರಿಕ್ಷಕ್ಕೆ ರಿಯಾಕ್ಟರ್ ಕಟ್ಟುವುದಾದರೆ ಮೊದಲು ಹೀಟರ್ ಇಟ್ಟೇ ಕಲಿಯಲಿ. ನಿಜವಾದ ಇಂಧನ ಹಾಕುವ ದಿನ ಬಂದಾಗ, ಯಾವುದನ್ನು ಪರೀಕ್ಷಿಸಿದ್ದೇವೆ, ಯಾವುದು ಬಾಕಿ ಇದೆ ಎಂದು ಅಕ್ಕಪಕ್ಕದ ಊರಿನವರಿಗೆ ಅವರ ಭಾಷೆಯಲ್ಲೇ ತಿಳಿಸಲಿ.

ನೀವೂ ವಿಜ್ಞಾನ ಮೇಳಕ್ಕೆ ಮಾದರಿ ಒಯ್ಯುವ ಮುನ್ನ ಅದರ ಒಂದೊಂದು ಭಾಗವನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ. ಕೆಟ್ಟದ್ದನ್ನು ಬರೆದಿಡಿ, ಮುಚ್ಚಿಡಬೇಡಿ. ಮೇಲೆಯೇ ಕೆಟ್ಟ ಮೋಟಾರು ಕೆಟ್ಟ ಸುದ್ದಿಯಲ್ಲ; ಅದನ್ನು ಇನ್ನೂ ರಿಪೇರಿ ಮಾಡಬಹುದು.