ಉತ್ತರ ಇಂಗ್ಲಿಷಿನಲ್ಲೇ ಬಂದರೂ

“ಊಟ ಆಯ್ತಾ ಪುಟ್ಟಾ?” ಎಂದು ಕನ್ನಡದಲ್ಲಿ ಕೇಳುತ್ತೀರಿ. “ಯಾ, ಐ ಆಮ್ ಡನ್” ಎಂಬ ಉತ್ತರ ಬರುತ್ತದೆ. ನಿಮ್ಮ ಮನೆಯಲ್ಲೂ ಹೀಗೇನಾ?

ಡೆಟ್ರಾಯಿಟ್ ಬಳಿಯ ನಮ್ಮ ಮನೆಯಲ್ಲಿ ದಿನವೂ ಇದೇ ಕಥೆ. ನನ್ನದು ಕನ್ನಡ, ನನ್ನವರದು ಬಂಗಾಳಿ, ನಮ್ಮಿಬ್ಬರ ನಡುವೆ ಇಂಗ್ಲಿಷ್. ದೊಡ್ಡವಳು ನನ್ನ ಜೊತೆ ಕನ್ನಡ ಮಾತಾಡುತ್ತಾಳೆ. ಚಿಕ್ಕವನಿಗೆ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಅಮ್ಮ, “ನನ್ನ ಹತ್ರ ಮಾತಾಡೋಕೆ ಅವನಿಗೆ ಇಷ್ಟ ಇಲ್ವೇನೋ” ಅಂದರು. ಇನ್ನು ಸಾಕು, ನಾನೂ ಇಂಗ್ಲಿಷಿಗೇ ಹೋಗಿಬಿಡಲೇ ಎಂದು ಆ ರಾತ್ರಿ ಅನ್ನಿಸಿದ್ದು ನಿಜ.

ಆಗ ನೆನಪಾದದ್ದು ಷಿಕಾಗೋ ಸೀಮೆಯ ಒಂದು ಹಳೆಯ ಕುಟುಂಬ. ವರ್ನರ್ ಲಿಯೊಪೋಲ್ಡ್ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಜರ್ಮನ್ ಪ್ರಾಧ್ಯಾಪಕರು. 1930ರಲ್ಲಿ ಮಗಳು ಹಿಲ್ಡೆಗಾರ್ಡ್ ಹುಟ್ಟಿದಳು. ಅಪ್ಪ ಅವಳೊಡನೆ ಜರ್ಮನ್ ಮಾತಾಡಿದರು, ಅಮ್ಮ ಇಂಗ್ಲಿಷ್. ಅವಳ ಮಾತುಗಳನ್ನು ಅಪ್ಪ ದಿನಚರಿಯಲ್ಲಿ ಬರೆದಿಟ್ಟು, 1939ರಿಂದ 1949ರ ನಡುವೆ ನಾಲ್ಕು ಸಂಪುಟಗಳಾಗಿ ಪ್ರಕಟಿಸಿದರು.

ಅಲ್ಲೂ ಇಂಗ್ಲಿಷಿನದೇ ಮೇಲುಗೈ. ಆದರೆ ಐದರ ಹರೆಯದಲ್ಲಿ ಜರ್ಮನಿಗೆ ಹೋದ ಹಿಲ್ಡೆಗಾರ್ಡ್ ಕೆಲವೇ ವಾರಗಳಲ್ಲಿ ಜರ್ಮನ್ ಸರಾಗವಾಗಿ ಆಡತೊಡಗಿದಳು, ಇಂಗ್ಲಿಷಿಗೇ ತಡವರಿಸುವಂತಾಯಿತು! ತಂಗಿ ಕಾರ್ಲಾ ನಮ್ಮ ಚಿಕ್ಕವನ ಹಾಗೆ, ಅಪ್ಪನಿಗೆ ಇಂಗ್ಲಿಷಿನಲ್ಲೇ ಉತ್ತರ. ಬೆಳೆದ ಮೇಲೆ ಜರ್ಮನಿಗೆ ಹೋದಾಗ ಅವಳ ಬಾಯಲ್ಲೂ ಜರ್ಮನ್ ಬಂತು.

ಒಂದು ಕುಟುಂಬದಿಂದ ನಿಯಮ ಕಟ್ಟಲಾಗದು, ಸಂಶೋಧನೆಯೇ ನನ್ನ ಕಸುಬಾದ್ದರಿಂದ ಅದು ಗೊತ್ತು. ಬೆಲ್ಜಿಯಂನ ಸುಮಾರು 1,900 ಕುಟುಂಬಗಳನ್ನು ಸಮೀಕ್ಷೆ ಮಾಡಿದ ಆನಿಕ್ ಡಿ ಹೌವರ್ 2007ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ: ಅಪ್ಪನದೊಂದು, ಅಮ್ಮನದೊಂದು ಭಾಷೆ ಇರುವ ಮನೆಗಳಲ್ಲಿ ನಾಲ್ಕರಲ್ಲಿ ಸುಮಾರು ಮೂರರಲ್ಲಿ ಮಕ್ಕಳು ಎರಡನ್ನೂ ಮಾತಾಡುತ್ತಿದ್ದರು. ಉಳಿದ ಒಂದು ಮನೆಯಲ್ಲಿ ಇಲ್ಲ. ಅಂದರೆ ನೀವೊಬ್ಬರೇ ಅಲ್ಲ.

ಕಾರ್ಲಾಳ ಅಪ್ಪ ಮಾಡಿದ್ದು ಇಷ್ಟೇ: ಜರ್ಮನ್ ಬಿಡಲಿಲ್ಲ. ನೀವೂ ಬಿಡಬೇಡಿ. ಮಗು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಬೈಯದೆ ಕನ್ನಡದಲ್ಲಿ ಮತ್ತೆ ಹೇಳಿ, ಮಾತು ಮುಂದುವರಿಸಿ. ಜೊತೆಗೆ, ಕನ್ನಡ ಬಿಟ್ಟರೆ ಕೆಲಸ ನಡೆಯದ ಸಂದರ್ಭ ಬೇಕು. ಷಿಕಾಗೋದ ವಿದ್ಯಾರಣ್ಯ ಕನ್ನಡ ಕೂಟಕ್ಕೋ ನಮ್ಮ ಕಡೆಯ ಪಂಪ ಕನ್ನಡ ಕೂಟಕ್ಕೋ ಹೋದರೆ, ಊರಿಂದ ಬಂದ ಅಜ್ಜ-ಅಜ್ಜಿಯರ ಪಕ್ಕ ಮಗುವನ್ನು ಕೂರಿಸಿ.

ನನ್ನ ತಪ್ಪು ಈಗ ತಿಳಿದಿದೆ. ಅಮ್ಮ ಮತ್ತು ಮಗನ ನಡುವೆ ಕೂತು ಎರಡೂ ಕಡೆ ಅನುವಾದ ಮಾಡುತ್ತಿದ್ದವಳು ನಾನೇ. ಈ ಭಾನುವಾರ ಫೋನ್ ಅವನ ಕೈಗೆ ಕೊಟ್ಟು ಅಡುಗೆಮನೆಗೆ ಹೋದೆ. ಬಹಳ ಹೊತ್ತು ಮೌನ. ಆಮೇಲೆ ಕೇಳಿಸಿತು: “ಅಜ್ಜಿ... ನಾಯಿ ಎಲ್ಲಿ?”

ಮೂರೇ ಪದ. ಅಮ್ಮನಿಗೆ ಅಷ್ಟು ಸಾಕಾಯಿತು, ಅರ್ಧ ಗಂಟೆ ನಾಯಿಯ ಕಥೆ ಹೇಳಿದರು.