ಗುಡಾರವನ್ನೂ ವಾಸದ ಮನೆಯೆಂದು ಎಣಿಸಿ: ಅಲೆಮಾರಿ ಕುಟುಂಬಗಳ ಮನವಿ ಪತ್ರ

ದಿನಾಂಕ: 12-05-2025

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಕರ್ನಾಟಕ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರ,
ಬೆಂಗಳೂರು.

ವಿಷಯ: ಗುಡಾರಗಳಲ್ಲಿ ವಾಸಿಸುವ ಅಲೆಮಾರಿ ಕುಟುಂಬಗಳಿಗೆ ಗಾಳಿ, ಮಳೆ, ಸಿಡಿಲು, ಬಿಸಿಲಿನಿಂದ ರಕ್ಷಣೆ ಹಾಗೂ ಹಾನಿಗೆ ಪರಿಹಾರ ಕೋರಿ.

ಮಾನ್ಯರೇ,

ಬುಡ್ಗ ಜಂಗಮ, ಸುಡುಗಾಡು ಸಿದ್ಧ, ದೊಂಬಿದಾಸ, ಹಂದಿಜೋಗಿ, ಶಿಳ್ಳೇಕ್ಯಾತ, ಹೆಳವ ಮುಂತಾದ ಸಮುದಾಯಗಳಿಗೆ ಸೇರಿದವರು ನಾವು. ಕಲ್ಯಾಣ ಕರ್ನಾಟಕದ ಊರುಗಳ ಹೊರಗೆ ಗುಡಾರ ಹಾಕಿಕೊಂಡು ಬದುಕುತ್ತಿದ್ದೇವೆ. ಪಿನ್ನು, ಬಾಚಣಿಗೆ, ಪ್ಲಾಸ್ಟಿಕ್ ಕೊಡ ಮಾರುವುದು, ಉದುರಿದ ಕೂದಲು ಕೊಳ್ಳುವುದು, ಕೌದಿ ಹೊಲಿಯುವುದು ನಮ್ಮಲ್ಲಿ ಬಹಳ ಜನರ ಕಸುಬು. ವ್ಯಾಪಾರ ನಡೆಯುವ ಕಡೆ ಕೆಲವು ತಿಂಗಳು ನಿಂತು ಮುಂದಿನ ಊರಿಗೆ ಹೊರಡುತ್ತೇವೆ. ಜಿಲ್ಲೆಯ ಗಡಿ ದಾಟುವ ನಮ್ಮ ಕಷ್ಟವನ್ನು ಯಾವ ಒಂದು ಜಿಲ್ಲಾಡಳಿತವೂ ತನ್ನದೆಂದು ಒಪ್ಪುವುದಿಲ್ಲವಾದ್ದರಿಂದ ನೇರವಾಗಿ ತಮ್ಮ ಬಳಿಗೇ ಬಂದಿದ್ದೇವೆ.

ಗುಡಾರ ಎಂದರೆ ನಾಲ್ಕಾರು ಬಿದಿರ ಗಳ, ಮೇಲೊಂದು ತಾಡಪತ್ರಿ, ಅದು ಹರಿದ ಕಡೆ ಯಾವುದೋ ಚುನಾವಣೆಯ ಫ್ಲೆಕ್ಸ್, ಪಕ್ಕಕ್ಕೆ ಹಳೆ ಸೀರೆ. ಒಳಗೆ ನೆಟ್ಟಗೆ ನಿಲ್ಲುವಷ್ಟು ಎತ್ತರ ಇರುವುದಿಲ್ಲ, ಇರಲೂಬಾರದು. ಎತ್ತರಿಸಿದಷ್ಟೂ ಗಾಳಿಗೆ ಸಿಕ್ಕುತ್ತದೆ. ಜಾಗವಂತೂ ನಮ್ಮ ಆಯ್ಕೆಯಲ್ಲ. ಊರೊಳಗೆ ಬಿಟ್ಟುಕೊಳ್ಳುವುದಿಲ್ಲ, ಹೊಲದವರು ಬಿತ್ತನೆಯ ಹೊತ್ತಿಗೆ ಎಬ್ಬಿಸುತ್ತಾರೆ. ಉಳಿಯುವುದು ಕೆರೆಯಂಗಳ, ಹಳ್ಳದ ದಂಡೆ, ಸ್ಮಶಾನದ ಮಗ್ಗುಲು, ಬೈಪಾಸ್ ರಸ್ತೆಯ ಇಳಿಜಾರು. ಯಾರಿಗೂ ಬೇಡವಾದ ಜಾಗಕ್ಕೇ ನೀರು ಮೊದಲು ಬರುತ್ತದೆಂದು ತಮಗೆ ವಿವರಿಸಬೇಕಿಲ್ಲ.

ಬೇಸಿಗೆಯಲ್ಲಿ ರಾಯಚೂರು, ಕಲಬುರಗಿಯ ಕಡೆ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಹೊತ್ತೇರಿದ ಮೇಲೆ ತಾಡಪತ್ರಿಯ ಕೆಳಗೆ ಕೂರಲಾಗದೆ ಬಾಣಂತಿಯೂ ಕೂಸೂ ಬೇವಿನ ಮರದ ನೆರಳಿಗೆ ಹೋಗುತ್ತಾರೆ. ಮೇ ತಿಂಗಳ ಮಧ್ಯಾಹ್ನ ಮೋಡ ಕಟ್ಟಿತೆಂದರೆ ಅದೇ ಮರ ಸಿಡಿಲಿಗೆ ಗುರಿ. ಎಚ್ಚರಿಕೆಯೇನೋ ಈಗ ಮೊಬೈಲಿಗೇ ಬರುತ್ತದೆ, ಅದಕ್ಕೆ ನಾವು ಋಣಿಗಳು. ಮರದ ಕೆಳಗೆ ನಿಲ್ಲಬೇಡಿ, ಪಕ್ಕಾ ಕಟ್ಟಡದೊಳಗೆ ಹೋಗಿ ಎನ್ನುತ್ತಾರೆ. ನಮಗೆ ಹತ್ತಿರದ ಪಕ್ಕಾ ಕಟ್ಟಡ ಸರ್ಕಾರಿ ಶಾಲೆ. ಏಪ್ರಿಲ್, ಮೇನಲ್ಲಿ ಶಾಲೆಗೆ ರಜೆ. ಬೀಗದ ಕೈ ಪಟ್ಟಣದಲ್ಲಿರುವ ಮುಖ್ಯ ಗುರುಗಳ ಹತ್ತಿರ.

ಬಿರುಗಾಳಿ ಎದ್ದಾಗ ಮನೆಮಂದಿಯೆಲ್ಲ ಒಂದೊಂದು ಗಳ ಹಿಡಿದು ಕೂರಬೇಕು. ಗೂಟ ಕಿತ್ತರೆ ಕತ್ತಲಲ್ಲಿ ತಾಡಪತ್ರಿಯ ಹಿಂದೆ ಓಡಬೇಕು. ಮಳೆ ನಿಂತರೂ ಒಲೆ ಹೊತ್ತುವುದಿಲ್ಲ, ಪಡಿತರದ ಅಕ್ಕಿ ಮುಗ್ಗುತ್ತದೆ, ಹಾವು ಚೇಳುಗಳೂ ಒಣನೆಲ ಹುಡುಕಿಕೊಂಡು ನಮ್ಮ ಹಾಸಿಗೆಗೇ ಬರುತ್ತವೆ. ಆಧಾರ್, ರೇಷನ್ ಕಾರ್ಡ್, ಜಾತಿ ಪ್ರಮಾಣಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಗಳಕ್ಕೆ ಕಟ್ಟಿರುತ್ತೇವೆ. ನೀರು ನುಗ್ಗಿದಾಗ ಅಕ್ಕಿಗಿಂತ ಮೊದಲು ಕೈ ಹಾಕುವುದು ಅದಕ್ಕೆ. ಚಳಿಗಾಲದ ಮಾತು ಇಲ್ಲಿ ಬೇಡ; ಕೌದಿ ಹೊಲಿಯುವವರು ನಾವು, ಅದನ್ನು ಹೇಗೋ ಕಳೆಯುತ್ತೇವೆ.

ಇಷ್ಟೆಲ್ಲ ಆದ ಮೇಲೆ ಒಂದು ತಾಲ್ಲೂಕು ಕಚೇರಿಯಲ್ಲಿ ನಮ್ಮ ಅರ್ಜಿಗೆ ಸಿಕ್ಕ ಉತ್ತರ, “ಮನೆ ನಂಬರ್ ಹೇಳಿ” ಎಂಬುದು. ನಿಯಮ ನಮ್ಮ ವಿರುದ್ಧವಿದ್ದಿದ್ದರೆ ಸುಮ್ಮನಾಗುತ್ತಿದ್ದೆವು. ಆದರೆ ರಾಜ್ಯ ವಿಪತ್ತು ಪರಿಹಾರ ನಿಧಿಯ 2022ರಿಂದ 2026ರವರೆಗಿನ ಕೇಂದ್ರದ ಮಾರ್ಗಸೂಚಿಯಲ್ಲೇ ಹಾನಿಗೊಂಡ ಗುಡಿಸಲಿಗೆ ₹8,000 ಎಂದಿದೆ. ಗುಡಿಸಲು ಎಂದರೇನು ಎನ್ನುವುದೂ ಅಲ್ಲಿದೆ: ಕಚ್ಚಾ ಮನೆಗಿಂತ ಕೆಳದರ್ಜೆಯ, ಹುಲ್ಲು, ಮಣ್ಣು, ಪ್ಲಾಸ್ಟಿಕ್ ಹಾಳೆ ಮುಂತಾದವುಗಳಿಂದ ಮಾಡಿದ ತಾತ್ಕಾಲಿಕ ವಾಸಸ್ಥಾನ. ನಮ್ಮ ಗುಡಾರವನ್ನು ಕಣ್ಣಾರೆ ಕಂಡು ಬರೆದಂತಿದೆ. ಅದೇ ಮಾರ್ಗಸೂಚಿಯ ಇನ್ನೊಂದು ಸಾಲು, ಹಾನಿಗೊಂಡ ಮನೆ ಅಧಿಕೃತ ನಿರ್ಮಾಣವೆಂದು ಸಕ್ಷಮ ಪ್ರಾಧಿಕಾರ ದೃಢೀಕರಿಸಬೇಕು ಎನ್ನುತ್ತದೆ. ಪ್ಲಾಸ್ಟಿಕ್ ಹಾಳೆಯ ಮನೆಗೆ ಪರವಾನಗಿ ಕೊಡುವ ಕಚೇರಿ ಈ ರಾಜ್ಯದಲ್ಲಿ ಯಾವುದೆಂದು ನಮಗೆ ಯಾರೂ ಹೇಳಿಲ್ಲ. ಒಂದು ಸಾಲು ಕೊಟ್ಟದ್ದನ್ನು ಇನ್ನೊಂದು ಸಾಲು ಕಿತ್ತುಕೊಳ್ಳುತ್ತಿದೆ.

ಆದ್ದರಿಂದ ನಮ್ಮ ಮುಖ್ಯ ಬೇಡಿಕೆ ಇದು. ವಿಪತ್ತು ನಿರ್ವಹಣಾ ಕಾಯ್ದೆ, 2005ರ 19ನೇ ಪ್ರಕರಣದಂತೆ ಪರಿಹಾರದ ಮಾನದಂಡ ರೂಪಿಸುವ ಅಧಿಕಾರ ತಮಗಿದೆ. ಅದನ್ನು ಬಳಸಿ, ಜನ ವಾಸವಿರುವ ಗುಡಾರವನ್ನು ಗುಡಿಸಲೆಂದೇ ಪರಿಗಣಿಸಬೇಕು, ಗ್ರಾಮ ಆಡಳಿತ ಅಧಿಕಾರಿ ಮತ್ತು ಪಿಡಿಒ ಸ್ಥಳದಲ್ಲೇ ಮಾಡಿದ ಪಂಚನಾಮೆಯನ್ನು ದೃಢೀಕರಣವೆಂದು ಒಪ್ಪಬೇಕು, ಖಾತೆ, ಮನೆ ನಂಬರ್, ವಿದ್ಯುತ್ ಬಿಲ್ ಕೇಳಬಾರದು ಎಂದು ಸ್ಪಷ್ಟ ಆದೇಶ ಹೊರಡಿಸಬೇಕು. ಬಟ್ಟೆ ಮತ್ತು ಪಾತ್ರೆ ನಷ್ಟಕ್ಕೆ ಕುಟುಂಬಕ್ಕೆ ತಲಾ ₹2,500 ಎಂದಿರುವುದೂ ನಮಗೆ ಸಿಗಬೇಕು. ಹೀಗೆ ಮಾಡಿದರೆ ಜಾಗದ ಒಡೆತನ ಕೊಟ್ಟಂತಾಗುತ್ತದೆ ಎಂಬ ಭಯ ಬೇಡ. ಪಂಚನಾಮೆಯಲ್ಲಿ ಹಾಗೆಂದೇ ಬರೆಯಿರಿ, ನಾವು ಸಹಿ ಹಾಕುತ್ತೇವೆ.

ಅಲೆಮಾರಿಗಳನ್ನು ಎಣಿಸುವುದು ಹೇಗೆ ಎಂದು ಅಧಿಕಾರಿಗಳು ಕೇಳುವುದುಂಟು. ಚುನಾವಣಾ ಆಯೋಗಕ್ಕೆ ಈ ತೊಡಕು ಬಂದಿಲ್ಲ. ಮನೆಯಿಲ್ಲದವನು ಹೇಳಿದ ಜಾಗದಲ್ಲಿ ನಿಜಕ್ಕೂ ಮಲಗುತ್ತಾನೆಯೇ ಎಂದು ಮತಗಟ್ಟೆ ಮಟ್ಟದ ಅಧಿಕಾರಿ ರಾತ್ರಿ ಹೋಗಿ ನೋಡಿ, ವಿಳಾಸದ ದಾಖಲೆ ಕೇಳದೆ ಹೆಸರು ಸೇರಿಸಿಕೊಳ್ಳುತ್ತಾರೆ. ಪಡಿತರವೂ ಹಾಗೆಯೇ, ಒಂದು ದೇಶ ಒಂದು ಕಾರ್ಡ್ ಎಂದು ಊರೂರಿಗೆ ನಮ್ಮ ಬೆನ್ನಿಗೇ ಬರುತ್ತಿದೆ. ಮತಕ್ಕೆ, ಅಕ್ಕಿಗೆ ಸಾಧ್ಯವಾದದ್ದು ಮಳೆಗೂ ಸಾಧ್ಯವಾಗಲಿ. ಕಾಯ್ದೆಯ 31ನೇ ಪ್ರಕರಣದ ಜಿಲ್ಲಾ ಯೋಜನೆಗಳಲ್ಲಿ ಅಪಾಯಕ್ಕೀಡಾಗುವ ಪ್ರದೇಶಗಳನ್ನು ಗುರುತಿಸಬೇಕಲ್ಲವೇ, ಆ ಪಟ್ಟಿಗೆ ಗುಡಾರಗಳ ತಾಣಗಳನ್ನು ಸೇರಿಸಿ ಪ್ರತಿ ಮಾರ್ಚ್‌ನಲ್ಲಿ ಪರಿಷ್ಕರಿಸಬೇಕೆಂದು ಕೋರುತ್ತೇವೆ.

ಕಾಳಜಿ ಕೇಂದ್ರಗಳು ಪ್ರವಾಹ ಬಂದಾಗ ಮಾತ್ರ ತೆರೆಯುತ್ತವೆ. ನಮ್ಮ ಆಪತ್ತು ಒಂದೆರಡು ತಾಸಿನದು, ವರದಿ ಮೇಲಕ್ಕೆ ಹೋಗುವಷ್ಟರಲ್ಲಿ ಮುಗಿದಿರುತ್ತದೆ. ಗುಡಾರಗಳಿರುವ ಊರಿನಲ್ಲಿ ಶಾಲೆ ಅಥವಾ ಸಮುದಾಯ ಭವನದ ಇನ್ನೊಂದು ಬೀಗದ ಕೈ ಗ್ರಾಮ ಪಂಚಾಯಿತಿಯ ವಾಟರ್‌ಮ್ಯಾನ್ ಅಥವಾ ಅಂಗನವಾಡಿ ಕಾರ್ಯಕರ್ತೆಯ ಬಳಿ ಇರಲಿ. ಮೇಲಿನ ಆದೇಶಕ್ಕೆ ಕಾಯದೆ, ಗಾಳಿ-ಸಿಡಿಲಿನ ಎಚ್ಚರಿಕೆ ಬಂದ ಕೂಡಲೇ ಬಾಗಿಲು ತೆರೆಯುವ ಅಧಿಕಾರ ಅವರಿಗಿರಲಿ. ನಮ್ಮ ಬೇಡಿಕೆಗಳಲ್ಲಿ ಸರ್ಕಾರಕ್ಕೆ ಬಹುತೇಕ ಖರ್ಚೇ ಇಲ್ಲದ್ದು ಇದು.

ತಾಡಪತ್ರಿಯ ವಿಷಯ. ರೈತ ಸಂಪರ್ಕ ಕೇಂದ್ರಗಳಲ್ಲಿ ರಿಯಾಯಿತಿ ದರಕ್ಕೆ ಒಳ್ಳೆಯ ದಪ್ಪನೆಯ ತಾಡಪತ್ರಿ ಸಿಗುತ್ತದೆ, ಪಹಣಿ ಇದ್ದವರಿಗೆ. ರಾಶಿ ನೆನೆಯಬಾರದೆಂಬ ಆ ಕಾಳಜಿ ಸರಿಯಾದದ್ದೇ. ರೈತರ ಪಾಲಿನದು ನಮಗೆ ಬೇಡ. ರಾಶಿಗೆ ಕೊಡುವಂಥದ್ದನ್ನೇ ಕೂಸಿಗೂ ಕೊಡಿ ಎನ್ನುತ್ತೇವೆ: ಕುಟುಂಬಕ್ಕೊಂದರಂತೆ, ಹಾನಿಯಾದ ಮೇಲಲ್ಲ, ಏಪ್ರಿಲ್‌ಗೆ ಮುಂಚೆ.

ಮಳೆಗಾಲದಲ್ಲಿ ತೆರವು ಮಾಡಬಾರದು. ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ 1985ರಲ್ಲೇ ಸುಪ್ರೀಂ ಕೋರ್ಟ್ ಮುಂಬೈನ ಪಾದಚಾರಿ ಮಾರ್ಗದ ನಿವಾಸಿಗಳನ್ನು ಮಳೆಗಾಲ ಮುಗಿಯುವವರೆಗೆ ಎಬ್ಬಿಸಬಾರದೆಂದು ಹೇಳಿತ್ತು. ಕೆರೆಯಂಗಳದಿಂದ ಏಳಿಸುವುದು ನಮ್ಮ ಜೀವಕ್ಕೇ ಒಳ್ಳೆಯದೆಂದಾದರೆ, ಎದ್ದು ಎಲ್ಲಿಗೆ ಹೋಗಬೇಕೆಂಬುದನ್ನೂ ಅದೇ ನೋಟಿಸಿನಲ್ಲಿ ಬರೆಯಿರಿ.

ನಿವೇಶನದ ಬೇಡಿಕೆ ತಮ್ಮ ಪ್ರಾಧಿಕಾರದ ವ್ಯಾಪ್ತಿಗೆ ಬರುವುದಿಲ್ಲವೆಂದು ಬಲ್ಲೆವು. 2023ರ ಜನವರಿಯಲ್ಲಿ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ನೀಡಲಾಯಿತು, ಸಂತೋಷ. ತಾಂಡಾಗಳಿಗೆ ನೆಲದ ಮೇಲೆ ಮನೆಗಳಿದ್ದವು, ದಾಖಲೆ ಇರಲಿಲ್ಲ. ನಮಗೆ ಎರಡೂ ಇಲ್ಲ. ಶಿಳ್ಳೇಕ್ಯಾತರ ತೊಗಲುಗೊಂಬೆಗೆ ಈ ವರ್ಷ ಪದ್ಮಶ್ರೀ ಗೌರವ ಬಂದಾಗ ನಮ್ಮ ಗುಡಾರಗಳಲ್ಲೂ ಹಬ್ಬವಾಯಿತು, ಆ ಹೆಮ್ಮೆಯ ಜೊತೆಗೆ ಒಂದು ನಿವೇಶನದ ಆಸೆಯೂ ಇದೆ. ಈ ಭಾಗವನ್ನು ಕಂದಾಯ ಇಲಾಖೆಗೆ ತಮ್ಮ ಶಿಫಾರಸಿನೊಂದಿಗೆ ಕಳುಹಿಸಿಕೊಡಬೇಕು.

ಪರಿಹಾರದಲ್ಲಿ ಜಾತಿ, ಸಮುದಾಯ, ವಂಶದ ಆಧಾರದ ಮೇಲೆ ತಾರತಮ್ಯ ಕೂಡದೆಂದು ಕಾಯ್ದೆಯ 61ನೇ ಪ್ರಕರಣ ಹೇಳುತ್ತದೆ. ನಮ್ಮನ್ನು ಯಾರೂ ಜಾತಿಯ ಹೆಸರು ಹೇಳಿ ಹೊರಗಿಟ್ಟಿಲ್ಲ. ವಿಳಾಸ ಕೇಳಿ ಹೊರಗಿಡುತ್ತಾರೆ, ವಿಳಾಸವಿಲ್ಲದವರು ಯಾವ ಜಾತಿಗಳವರೆಂದು ಎಲ್ಲರಿಗೂ ಗೊತ್ತು.

ಈ ಮನವಿಗೆ ನಮ್ಮ ಹೆಸರಿಗೆ ಪ್ರತ್ಯೇಕ ಉತ್ತರ ಬೇಡ; ಅದು ತಲುಪುವ ಹೊತ್ತಿಗೆ ನಾವು ಬೇರೆ ಊರಿನಲ್ಲಿರುತ್ತೇವೆ. ಮುಂಗಾರಿಗೆ ಮೊದಲು ಎಲ್ಲ ಜಿಲ್ಲಾಧಿಕಾರಿಗಳಿಗೆ, ತಹಶೀಲ್ದಾರರಿಗೆ ಒಂದು ಸುತ್ತೋಲೆ ಕಳುಹಿಸಿ, ಅದರ ಸಂಖ್ಯೆ ಮತ್ತು ದಿನಾಂಕ ನಮಗೆ ತಿಳಿಯುವಂತೆ ಮಾಡಿ. ಮೊಬೈಲಿನಲ್ಲಿ ಅದರ ಫೋಟೋ ಇಟ್ಟುಕೊಂಡು ಯಾವ ತಾಲ್ಲೂಕಿನ ಕಚೇರಿಯಲ್ಲಾದರೂ ತೋರಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಗುಡಾರವಾಸಿ ಅಲೆಮಾರಿ ಕುಟುಂಬಗಳ ಪರವಾಗಿ
(ಸಹಿ ಮತ್ತು ಹೆಬ್ಬೆಟ್ಟಿನ ಗುರುತುಗಳ ಪಟ್ಟಿ ಲಗತ್ತಿಸಿದೆ)

ಪ್ರತಿ: ಕಂದಾಯ ಇಲಾಖೆ, ಸಮಾಜ ಕಲ್ಯಾಣ ಇಲಾಖೆ.