ಸಹಾಯಾರ್ಥ ಕಬಡ್ಡಿ: ಹುಡುಗನ ಕೈಗೆ ಸಿಗುವುದೆಷ್ಟು?

ಮಳೆ ನಿಂತು ಅಡಿಕೆ ಅಂಗಳಕ್ಕೆ ಬಿತ್ತೆಂದರೆ ಪುತ್ತೂರು, ಸುಳ್ಯ, ಕಡಬ ಮೂರೂ ಕಡೆ ಕಬಡ್ಡಿ ಸೀಸನ್ ಶುರು. ಬಸ್‌ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಏಳುತ್ತದೆ. ಹೊನಲು ಬೆಳಕಿನ ಪಂದ್ಯಾಟ, ಮ್ಯಾಟ್ ಅಂಕಣ, ನಗದು ಮತ್ತು ಟ್ರೋಫಿ, ಬೆಸ್ಟ್ ರೈಡರ್, ಬೆಸ್ಟ್ ಕ್ಯಾಚರ್, ಸವ್ಯಸಾಚಿ ಆಟಗಾರ ಇದೆಲ್ಲ ಮಾಮೂಲು. ಬಸ್ಸು ಬರುವ ತನಕ ನಿಂತು ಪೂರ್ತಿ ಓದಿದವರಿಗೆ ಕೆಲವು ಸಲ ಕೆಳಗಿನ ಮೂಲೆಯಲ್ಲಿ ಇನ್ನೊಂದು ಸಾಲು ಕಾಣುತ್ತದೆ. ಆಟದಲ್ಲಿ ಪೆಟ್ಟು ಮಾಡಿಕೊಂಡ ಇಂಥ ಊರಿನ ಹುಡುಗನ ಚಿಕಿತ್ಸೆಯ ಸಹಾಯಾರ್ಥ, ಎಂದು. ಅತಿಥಿಗಳ ಫೋಟೋ ಒಂದೊಂದೂ ಮೊರದಗಲ. ಹುಡುಗನದ್ದು ಪಾಸ್‌ಪೋರ್ಟ್ ಸೈಜು.

ಫೋಟೋ ಸಣ್ಣದಾದರೂ ಚಿಂತೆಯಿಲ್ಲ, ಹಣ ದೊಡ್ಡದಾಗಬೇಕು. ಆಗುತ್ತದೆಯೇ ಎಂಬುದೇ ಪ್ರಶ್ನೆ.

ಸಹಾಯಾರ್ಥ ಆಟ ಈ ಜಿಲ್ಲೆಗೆ ಹೊಸತಲ್ಲ. ಯಕ್ಷಗಾನದವರು ಕಾಯಿಲೆ ಬಿದ್ದ ಕಲಾವಿದನಿಗೆ, ಶಾಲೆಯ ಕಟ್ಟಡಕ್ಕೆ ಎಂದು ಎಷ್ಟೋ ರಾತ್ರಿ ಗೆಜ್ಜೆ ಕಟ್ಟಿದ್ದಾರೆ. ಬೇರೆ ದೇಶದಲ್ಲಿ ಇದನ್ನೇ ಪೂಲ್ ಟೇಬಲಿನ ಸುತ್ತ ಮಾಡುತ್ತಾರೆ, ಕ್ರಿಕೆಟ್ ಮೈದಾನದಲ್ಲಿ ಮಾಡುತ್ತಾರೆ. ಇಲ್ಲಿ ಕಬಡ್ಡಿ, ಅಷ್ಟೇ. ಇಂಗ್ಲೆಂಡಿನ ಕೆಂಟ್ ತಂಡಕ್ಕೆ ಜೇಮ್ಸ್ ಸೀಮೋರ್ ಎಂಬ ಆಟಗಾರನಿದ್ದ. ಅವನಿಗೆ ಪೆಟ್ಟೇನೂ ಆಗಿರಲಿಲ್ಲ, ಬಹಳ ವರ್ಷ ಆಡಿದ್ದಕ್ಕೆ 1920ರಲ್ಲಿ ಒಂದು ಪಂದ್ಯದ ಗೇಟ್ ಹಣವನ್ನು ಅವನ ಹೆಸರಿಗೆ ಬಿಟ್ಟರು. ಒಂಬೈನೂರು ಪೌಂಡ್ ದಾಟಿತು. ಅವನು ಅದನ್ನು ಹಾಕಿ ತೋಟ ತೆಗೆದುಕೊಂಡ. ತೆರಿಗೆಯವರು ಬೆನ್ನು ಹತ್ತಿದರು. ಕೋರ್ಟು ಮೇಲೆ ಕೋರ್ಟು ಹತ್ತಿ 1927ರಲ್ಲಿ ಅಲ್ಲಿನ ಅತಿ ದೊಡ್ಡ ನ್ಯಾಯಪೀಠವೇ, ಇದು ಸಂಬಳವಲ್ಲ, ಜನ ಪ್ರೀತಿಯಿಂದ ಕೊಟ್ಟದ್ದು, ತೆರಿಗೆ ಇಲ್ಲ ಎಂದಿತು. ಒಂದು ಪಂದ್ಯದಿಂದ ಒಂದು ತೋಟ! ನಮ್ಮಲ್ಲಿ ರಾತ್ರಿಯಿಡೀ ಪಂದ್ಯ ನಡೆದರೂ ಹುಡುಗನ ಆಪರೇಷನ್ ಬಿಲ್ಲು ಚುಕ್ತಾ ಆದರೆ ದೊಡ್ಡದು.

ಏಕೆಂದರೆ ಇಲ್ಲಿ ಗೇಟ್ ಎಂಬುದೇ ಇಲ್ಲ. ಬಯಲು ಗದ್ದೆ, ಶಾಲೆಯ ಮೈದಾನ, ಯಾರೂ ಟಿಕೆಟ್ ಹರಿಯುವುದಿಲ್ಲ. ಬರುವ ಹಣಕ್ಕೆ ಎರಡೇ ದಾರಿ. ಒಂದು ತಂಡಗಳ ಪ್ರವೇಶ ಶುಲ್ಕ, ಇನ್ನೊಂದು ಪೇಟೆಯ ಅಂಗಡಿಗಳು. ಹೋಗುವ ದಾರಿಯೋ, ಬೇಕಾದಷ್ಟು ಉಂಟು. ಮ್ಯಾಟಿನ ಬಾಡಿಗೆ, ಲೈಟು, ಜನರೇಟರ್, ಮೈಕು, ಶಾಮಿಯಾನ, ಅಂಪೈರ್‌ಗಳು, ಊಟ, ಅತಿಥಿಗಳಿಗೆ ಶಾಲು ಸ್ಮರಣಿಕೆ, ಆ ಫ್ಲೆಕ್ಸು, ಮೇಲಿಂದ ಬಹುಮಾನ. ಸುಮ್ಮನೆ ಒಂದು ಲೆಕ್ಕ ಹಾಕಿ ನೋಡಿ. 24 ತಂಡ ಬಂತು, ತಂಡಕ್ಕೆ ಸಾವಿರ ರೂಪಾಯಿ ಪ್ರವೇಶ ಶುಲ್ಕ ಇಟ್ಟರು ಅಂತಿಟ್ಟುಕೊಳ್ಳಿ. 24 ಸಾವಿರ ಆಯಿತು. ಪ್ರಥಮ ಬಹುಮಾನ 15 ಸಾವಿರ, ದ್ವಿತೀಯ 10 ಸಾವಿರ ಎಂದು ಇಟ್ಟರೆ ಅಲ್ಲಿಗೇ ಒಂದು ಸಾವಿರ ಸಾಲ. ಹಾಗಾದರೆ ಹುಡುಗನ ಹೆಸರಿಗೆ ಬರಬೇಕಾದ ಹಣ ಪೂರಾ ಅಂಗಡಿಯವರ ಜೇಬಿನದ್ದೇ. ಅದರಲ್ಲೂ ಖರ್ಚು ಕಳೆದು ಉಳಿದದ್ದು.

ಅಂಗಡಿಯವರಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ವಾರಕ್ಕೊಂದು ರಸೀದಿ ಪುಸ್ತಕ ಬರುತ್ತದೆ. ಜಾತ್ರೆ, ಗಣೇಶೋತ್ಸವ, ಮೊಸರು ಕುಡಿಕೆ, ಶಾಲೆಯ ವಾರ್ಷಿಕೋತ್ಸವ, ಕ್ರಿಕೆಟ್, ವಾಲಿಬಾಲ್. ನೂರೋ ಇನ್ನೂರೋ ಕೊಟ್ಟು ಕಳಿಸುತ್ತಾರೆ. ಆದರೆ ಪೆಟ್ಟಾದ ಹುಡುಗನ ಹೆಸರು ಹೇಳಿ ಬಂದವರಿಗೆ ಮಾತ್ರ ಕೈ ಸ್ವಲ್ಪ ಸಡಿಲ ಬಿಡುತ್ತಾರೆ. ನೂರು ಕೊಡುವವರು ಐನೂರು ಕೊಡುತ್ತಾರೆ. ಆ ಹೆಚ್ಚಿನ ನಾನೂರು ಟ್ರೋಫಿಗೆ ಕೊಟ್ಟದ್ದಲ್ಲ. ಅದು ಹುಡುಗನ ಕಾಲಿಗೆ ಕೊಟ್ಟದ್ದು. ಅದು ಜನರೇಟರಿನ ಡೀಸೆಲ್‌ಗೆ ಹೋದರೆ ಯಾರೂ ಕದ್ದ ಹಾಗಾಗಲಿಲ್ಲ, ನಿಜ. ಸಂಘಟಕರೂ ಕೈಯಿಂದ ಹಾಕಿಯೇ ಮಾಡುವವರು, ಬೆಳಗಾಗುವ ತನಕ ನಿದ್ದೆಗೆಡುವವರು. ಆದರೂ ಕಾಲಿಗೆ ಕೊಟ್ಟದ್ದು ಕಾಲಿಗೆ ಮುಟ್ಟಲಿಲ್ಲ ಎಂಬುದೂ ಅಷ್ಟೇ ನಿಜ.

ಈ ಹುಡುಗರು ಯಾರು ಅಂತ ನೋಡಬೇಕು. ಹಗಲು ರಬ್ಬರ್ ಟ್ಯಾಪಿಂಗ್, ಗಾರೆ ಕೆಲಸ, ಪಿಕಪ್ ಡ್ರೈವಿಂಗ್, ಅಡಿಕೆ ಕೊಯ್ಲು. ರಾತ್ರಿ ಕಬಡ್ಡಿ. ಪುತ್ತೂರು ಕಡೆಯ ಪ್ರಶಾಂತ್ ಕುಮಾರ್ ರೈ ಪ್ರೊ ಕಬಡ್ಡಿಯಲ್ಲಿ ಹೆಸರು ಮಾಡಿದ್ದು, ಕಾರ್ಕಳ ಕಡೆಯ ಮಮತಾ ಪೂಜಾರಿಗೆ 2014ರಲ್ಲಿ ಅರ್ಜುನ ಪ್ರಶಸ್ತಿ ಬಂದದ್ದು, ಇದನ್ನೆಲ್ಲ ಕಂಡು ಅಂಕಣಕ್ಕೆ ಇಳಿದವರು ಬೇಕಾದಷ್ಟು. ಒಂದು ಕಾಲದಲ್ಲಿ ಚೆನ್ನಾಗಿ ಆಡಿದವನಿಗೆ ಬ್ಯಾಂಕಿನ ಕೆಲಸದ ಆಸೆ ಇತ್ತು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿಗೆ ಹೆಸರುವಾಸಿ ಕಬಡ್ಡಿ ತಂಡವೇ ಇತ್ತು. ಬ್ಯಾಂಕಿನ ಕೆಲಸ ಎಂದರೆ ಸಂಬಳ, ರಜೆ, ಆಸ್ಪತ್ರೆ ಖರ್ಚು. ಆ ಬ್ಯಾಂಕು 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿಹೋಯಿತು. ಪ್ರೊ ಕಬಡ್ಡಿ ಏರಿದವನಿಗೆ ಲಕ್ಷಗಟ್ಟಲೆ ಸಿಗುತ್ತದೆ, ಒಪ್ಪುವ. ಆದರೆ ಏರುವವರು ಬೆರಳೆಣಿಕೆ. ಉಳಿದವರು ಶನಿವಾರ ಕಡಬದಲ್ಲಿ ಆಡಿ ಭಾನುವಾರ ಸುಳ್ಯದಲ್ಲಿ ಆಡಿ ಸೋಮವಾರ ಕೆಲಸಕ್ಕೆ ಹೋಗುವವರೇ.

ಇಂಥವನ ಮೊಣಗಂಟಿನ ಲಿಗಮೆಂಟ್ ಹರಿಯಿತು ಅನ್ನಿ. ಆಪರೇಷನ್ ಆದರೆ ಪುನಃ ಅಂಕಣಕ್ಕೆ ಇಳಿಯಲು ಆರು ತಿಂಗಳಿಂದ ಒಂಬತ್ತು ತಿಂಗಳು, ಕೆಲವರಿಗೆ ವರ್ಷ. ಮರ ಹತ್ತುವ, ಭಾರ ಹೊರುವ ಕೆಲಸಕ್ಕೂ ಬಹಳ ದಿನ ರಜೆ. ಅಂದರೆ ಕೂಲಿ ಇಲ್ಲ. ಆಸ್ಪತ್ರೆಯ ಬಿಲ್ಲು ಒಂದೇ ಸಲದ್ದು, ಅದು ಎಲ್ಲರ ಕಣ್ಣಿಗೆ ಕಾಣುತ್ತದೆ. ನಂತರದ ಫಿಸಿಯೋಥೆರಪಿ, ಮಂಗಳೂರಿಗೆ ಹೋಗಿ ಬರುವ ಬಸ್ ಚಾರ್ಜು, ಜೊತೆಗೆ ಹೋದವನ ಒಂದು ದಿನದ ಕೂಲಿ, ಇದ್ಯಾವುದೂ ಕಾಣುವುದಿಲ್ಲ. ಪುತ್ತೂರಿನಿಂದ ಮಂಗಳೂರಿಗೆ ಐವತ್ತು ಕಿಲೋಮೀಟರ್ ಮೇಲೆ, ಸುಳ್ಯದಿಂದ ಎಂಬತ್ತರ ಮೇಲೆ. ಸುಳ್ಯದಲ್ಲಿ ಕೆವಿಜಿ ಮೆಡಿಕಲ್ ಕಾಲೇಜು ಉಂಟು. ಪುತ್ತೂರಿಗೆ 2025ರ ಬಜೆಟ್‌ನಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಘೋಷಣೆ ಆಯಿತು, ಅದು ಬಂದು ನಿಲ್ಲುವ ತನಕ ಮಂಗಳೂರಿನ ಬಸ್ಸೇ ಗತಿ.

ಸರ್ಕಾರದ ಕಾರ್ಡು ಇಲ್ಲವೇ ಎಂದು ಕೇಳುವವರಿದ್ದಾರೆ. ಉಂಟು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ, ಎಪಿಎಲ್‌ನವರಿಗೆ ನಿಗದಿ ದರದ ಶೇಕಡಾ 30. ಆದರೆ ತುರ್ತು ಅಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ದರೆ ರೆಫರಲ್ ಪತ್ರ ತರಬೇಕು. ಲಿಗಮೆಂಟ್ ಹರಿಯುವುದು ಜೀವಕ್ಕೆ ಕುತ್ತು ತರುವ ಪೆಟ್ಟಲ್ಲ. ರಾತ್ರಿ ಎರಡು ಗಂಟೆಗೆ ಹುಡುಗನನ್ನು ಕಾರಿಗೆ ಹಾಕಿಕೊಂಡು ಸಿಕ್ಕಿದ ಖಾಸಗಿ ಆಸ್ಪತ್ರೆಗೆ ನುಗ್ಗುವ ಗೆಳೆಯರಿಗೆ ಈ ಪತ್ರದ ನೆನಪು ಎಲ್ಲಿಂದ ಬರಬೇಕು? ಬಿಲ್ಲು ಕೈಗೆ ಬಂದಾಗಲೇ ಕಾರ್ಡಿನ ನೆನಪು. ಸೊಸೈಟಿ ಸದಸ್ಯರ ಮನೆಗೆ ಯಶಸ್ವಿನಿ ಉಂಟು, ನಡುವೆ ನಿಂತದ್ದು 2022ರಲ್ಲಿ ಪುನಃ ಶುರುವಾಯಿತು. ಅದಕ್ಕೂ ಪ್ರತಿ ವರ್ಷ ವಾಯಿದೆಯೊಳಗೆ ಹಣ ಕಟ್ಟಿರಬೇಕು. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಹಿಡಿಯುವ ಸುರಕ್ಷಾ ಬಿಮಾ ಉಂಟಲ್ಲ, ಅದು ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗ ಊನವಾದರೆ ಮಾತ್ರ. ಆಸ್ಪತ್ರೆ ಬಿಲ್ಲಿಗೆ ಅದರಿಂದ ಒಂದು ಪೈಸೆ ಬರುವುದಿಲ್ಲ. ಇದನ್ನು ತಿಳಿಯದೆ, ನನಗೆ ಇನ್ಶೂರೆನ್ಸ್ ಉಂಟು ಎಂದು ಧೈರ್ಯದಲ್ಲಿ ಆಡುವವರು ಬಹಳ ಮಂದಿ. ಆಟಗಾರರಿಗೆಂದೇ ಕೇಂದ್ರ ಸರ್ಕಾರ 1982ರಲ್ಲಿ ಒಂದು ಕ್ಷೇಮ ನಿಧಿ ಮಾಡಿದೆ, ಈಗ ಅದಕ್ಕೆ ದೀನದಯಾಳ್ ಉಪಾಧ್ಯಾಯರ ಹೆಸರು. ಅದು ದೇಶದ ಮಟ್ಟದಲ್ಲಿ ಹೆಸರು ಮಾಡಿದವರಿಗೆ. ಯುವಕ ಮಂಡಲದ ಜೆರ್ಸಿಗೆ ಅಲ್ಲಿ ಜಾಗ ಇಲ್ಲ.

ಸಹಾಯಾರ್ಥ ಪಂದ್ಯಾಟದ ವಿಷಯದಲ್ಲಿ ಎಲ್ಲಕ್ಕಿಂತ ವಿಚಿತ್ರ ಅದರ ಗಡಿಯಾರ. 24 ತಂಡದ ನಾಕೌಟ್ ಎಂದರೆ 23 ಪಂದ್ಯ. ಕಬಡ್ಡಿಯ ನಿಯಮದಲ್ಲಿ ಆಟ 20 ನಿಮಿಷದ ಎರಡು ಅವಧಿ. ಅದನ್ನು ಕಡಿಮೆ ಮಾಡಿ, ಒಂದು ಪಂದ್ಯವನ್ನು ಅರ್ಧ ಗಂಟೆಯಲ್ಲಿ ಮುಗಿಸಿದರೂ ಹನ್ನೊಂದೂವರೆ ಗಂಟೆ ಬೇಕು. ಒಂದೇ ಅಂಕಣ, ಸಂಜೆ ಏಳಕ್ಕೆ ಉದ್ಘಾಟನೆ, ಅತಿಥಿಗಳ ಭಾಷಣ ಮುಗಿಯುವಾಗ ಎಂಟೂವರೆ. ಹಾಗಾದರೆ ಫೈನಲ್ ಎಷ್ಟು ಗಂಟೆಗೆ? ಮರುದಿನ ಬೆಳಗ್ಗೆ ಎಂಟಕ್ಕೆ! ಫೈನಲಿಗೆ ಬಂದ ಹುಡುಗ ಆಗ ನಾಲ್ಕನೆಯದೋ ಐದನೆಯದೋ ಪಂದ್ಯ ಆಡುತ್ತಿರುತ್ತಾನೆ. ಹಿಂದಿನ ದಿನ ಕೆಲಸ ಮಾಡಿ ಬಂದವನು, ನಡುರಾತ್ರಿ ಕುರ್ಚಿಯಲ್ಲಿ ಕೂತು ತೂಕಡಿಸಿದವನು. ಮೈ ತಣ್ಣಗಾಗಿದೆ, ಬೆವರಿಗೋ ಇಬ್ಬನಿಗೋ ಮ್ಯಾಟು ಜಾರುತ್ತಿದೆ. ಅದೇ ಹೊತ್ತಿಗೆ ಏಳು ಜನ ಸೇರಿ ಅವನ ಕಾಲು ಹಿಡಿಯುತ್ತಾರೆ. ಒಬ್ಬನ ಮೊಣಗಂಟಿಗೆ ಹಣ ಕೂಡಿಸಲು ಹೊರಟು ಇನ್ನೊಬ್ಬನ ಮೊಣಗಂಟನ್ನು ಪಣಕ್ಕೆ ಇಟ್ಟಂತಾಯಿತು. ಮುಂದಿನ ತಿಂಗಳು ಇವನ ಸಹಾಯಾರ್ಥ ಇನ್ನೊಂದು ಫ್ಲೆಕ್ಸ್.

ಜೀವಕ್ಕೇ ಬಂದ ಪ್ರಸಂಗಗಳೂ ದೇಶದಲ್ಲಿ ಆಗಿವೆ. 2022ರ ಜುಲೈಯಲ್ಲಿ ತಮಿಳುನಾಡಿನ ಕಡಲೂರು ಜಿಲ್ಲೆಯಲ್ಲಿ ರೈಡಿಗೆ ಹೋದ 22ರ ಹುಡುಗನೊಬ್ಬ ಅಂಕಣದಲ್ಲೇ ಕುಸಿದು ಏಳಲೇ ಇಲ್ಲ. 2021ರ ಮಾರ್ಚಿನಲ್ಲಿ ತೆಲಂಗಾಣದ ಸೂರ್ಯಾಪೇಟೆಯಲ್ಲಿ ಜೂನಿಯರ್ ರಾಷ್ಟ್ರೀಯ ಕಬಡ್ಡಿಯ ಗ್ಯಾಲರಿಯೇ ಮುರಿದು ನೂರಕ್ಕೂ ಮೇಲ್ಪಟ್ಟು ಪ್ರೇಕ್ಷಕರಿಗೆ ಪೆಟ್ಟಾಯಿತು. ನಮ್ಮ ಮೈದಾನಗಳಲ್ಲಿ ಆಂಬುಲೆನ್ಸ್ ನಿಲ್ಲಿಸುವ ಪದ್ಧತಿ ಕೆಲವರು ಇಟ್ಟುಕೊಂಡಿದ್ದಾರೆ. ಎಲ್ಲರೂ ಅಲ್ಲ.

ಇದಕ್ಕೆ ದಾರಿ ದೂರದಲ್ಲಿ ಹುಡುಕಬೇಕಾಗಿಲ್ಲ. ಯಕ್ಷಗಾನದವರು ಸಹಾಯಾರ್ಥ ಆಟಕ್ಕೆ ಮಾತ್ರ ನಿಲ್ಲಲಿಲ್ಲ. ಉಡುಪಿಯ ಯಕ್ಷಗಾನ ಕಲಾರಂಗ 1975ರಿಂದ ಉಂಟು, ಅದರ ಯಕ್ಷನಿಧಿಯಿಂದ ಕಲಾವಿದರ ಕಷ್ಟಕಾಲಕ್ಕೆ ನೆರವು ಹೋಗುತ್ತದೆ. 2015ರಲ್ಲಿ ಶುರುವಾದ ಪಟ್ಲ ಫೌಂಡೇಶನ್ ಕಲಾವಿದರಿಗೆ ಅಪಘಾತ ವಿಮೆ ಮಾಡಿಸಿತು. ಅಂದರೆ ಬಿದ್ದ ಮೇಲೆ ಎತ್ತುವುದಕ್ಕೆ ಮೊದಲೇ ಕೈ ಒಡ್ಡಿದ್ದಾರೆ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಉಂಟು, ಪ್ರೀಮಿಯಂನ ದೊಡ್ಡ ಪಾಲು ಮಂಡಳಿಯೇ ಕಟ್ಟುತ್ತದೆ. ಹಗಲು ಮರ ಹತ್ತುವಾಗ ವಿಮೆ ಇರುವ ಹುಡುಗನಿಗೆ ರಾತ್ರಿ ರೈಡಿಗೆ ಹೋಗುವಾಗ ಇಲ್ಲ. ಇದೆಂಥ ಲೆಕ್ಕ?

ಗುಂಪು ಅಪಘಾತ ವಿಮೆ ಎಂಬುದನ್ನು ವಿಮಾ ಕಂಪನಿಗಳು ಸಂಘ ಸಂಸ್ಥೆಗಳ ಹೆಸರಿಗೆ ಕೊಡುತ್ತವೆ. ಮೂರು ತಾಲೂಕಿನ ತಂಡಗಳು ಒಟ್ಟಾಗಿ ಸೀಸನ್ನಿನ ಆರಂಭಕ್ಕೆ ಕೇಳಿದರೆ ತಲೆಗೆ ಇಷ್ಟು ಎಂದು ದರ ಹೇಳುತ್ತಾರೆ. ಆಸ್ಪತ್ರೆ ಖರ್ಚು ಸೇರುತ್ತದೋ, ಆಟದ ಪೆಟ್ಟು ಸೇರುತ್ತದೋ ಎಂಬುದನ್ನು ಕೇಳಿ, ಬರಹದಲ್ಲಿ ತೆಗೆದುಕೊಂಡು ಮಾಡಬೇಕು ಅಷ್ಟೆ. ಪ್ರವೇಶ ಶುಲ್ಕಕ್ಕೆ ಆ ಹಣ ಸೇರಿಸಿದರೆ ಯಾರಿಗೂ ಭಾರವಾಗಲಿಕ್ಕಿಲ್ಲ. ತಂಡವೂ ಅಷ್ಟೆ, 24ರ ಬದಲು ಎಂಟು ಕರೆದರೆ ಏಳೇ ಪಂದ್ಯ, ಮೂರೂವರೆ ಗಂಟೆ. ರಾತ್ರಿ ಹತ್ತರ ಮೇಲೆ ಮೈಕ್ ಹಾಕಬಾರದು ಎಂಬ ನಿಯಮ 2000ದಿಂದಲೇ ಉಂಟು. 2025ರಲ್ಲಿ ಜಿಲ್ಲೆಯ ಪೊಲೀಸರು ಅದನ್ನು ಬಿಗಿ ಮಾಡಿದಾಗ ಮೈಕಿನವರಿಂದ ಹಿಡಿದು ಸಂಘಟಕರ ತನಕ ಎಲ್ಲರೂ ಗೊಣಗಿದರು. ಕಬಡ್ಡಿ ಹುಡುಗರ ಮೊಣಗಂಟಿನ ದೃಷ್ಟಿಯಿಂದ ನೋಡಿದರೆ ಆ ನಿಯಮ ಅಷ್ಟು ಕೆಟ್ಟದ್ದೇನೂ ಅಲ್ಲ.

ಬಹುಮಾನದ ಹಣ ಗೆದ್ದ ತಂಡ ಮೈಕಿನಲ್ಲೇ ಹುಡುಗನಿಗೆ ಬಿಟ್ಟುಕೊಟ್ಟ ಉದಾಹರಣೆಗಳೂ ಈ ಕಡೆ ಉಂಟು. ಆ ಹೊತ್ತಿಗೆ ಬೀಳುವ ಚಪ್ಪಾಳೆ ಫೈನಲಿನ ಸೂಪರ್ ರೈಡಿಗೂ ಬೀಳುವುದಿಲ್ಲ. ಸಹಾಯಾರ್ಥ ಎಂದು ಹಾಕಿದ ಮೇಲೆ ನಗದು ಬಹುಮಾನವನ್ನೇ ಬಿಟ್ಟು ಬರೀ ಟ್ರೋಫಿ ಇಟ್ಟರೆ ಬರುವ ತಂಡ ಬಂದೇ ಬರುತ್ತದೆ. ಲಕ್ಕಿ ಕೂಪನ್ ಮಾರಿ ಹಣ ಎತ್ತುವ ಯೋಚನೆ ಕೆಲವರಿಗೆ ಬರುತ್ತದೆ. ಲಾಟರಿ ಈ ರಾಜ್ಯದಲ್ಲಿ 2007ರಲ್ಲೇ ಬಂದ್ ಆಗಿದೆ, ಪೊಲೀಸ್ ಠಾಣೆಗೆ ಅಲೆಯುವ ಕೆಲಸ ಬೇಡ.

ಇನ್ನು ಅಂಗಡಿಯವರ ವಿಷಯ. ಈಗ ಫ್ಲೆಕ್ಸಿನಲ್ಲೇ ಕ್ಯೂಆರ್ ಕೋಡ್ ಇರುತ್ತದೆ. ಮೊಬೈಲ್ ಹಿಡಿದಾಗ ಯಾರ ಹೆಸರು ಬರುತ್ತದೆ ಎಂದು ಒಂದು ಕ್ಷಣ ನೋಡಬಹುದು. ಹುಡುಗನದ್ದೋ, ಅವನ ಅಮ್ಮನದ್ದೋ, ಸಂಘದ್ದೋ, ಅಥವಾ ಸಂಘದ ಯಾರೋ ಒಬ್ಬರದ್ದೋ. ರಸೀದಿ ಪುಸ್ತಕ ಹಿಡಿದು ಬಂದವರಲ್ಲಿ, ಪಂದ್ಯಾಟದ ಖರ್ಚಿಗೆ ಬೇರೆ ಪುಸ್ತಕ, ಹುಡುಗನಿಗೆ ಬೇರೆ ಪುಸ್ತಕ ಮಾಡಿದ್ದೀರಾ ಎಂದು ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳಲಿಕ್ಕಿಲ್ಲ. ಕೇಳುವವರಿಲ್ಲದೆ ಇಷ್ಟು ದಿನ ಒಂದೇ ಪುಸ್ತಕದಲ್ಲಿ ನಡೆದದ್ದು. ಫೈನಲ್ ಮುಗಿದು ಟ್ರೋಫಿ ಕೊಡುವ ಹೊತ್ತಿಗೆ, ಹುಡುಗನ ಪುಸ್ತಕದಲ್ಲಿ ಇಷ್ಟು ಬಂತು, ಇಂಥ ದಿನ ಇಂಥ ಆಸ್ಪತ್ರೆಗೆ ಕಟ್ಟುತ್ತೇವೆ ಎಂದು ಅದೇ ಮೈಕಿನಲ್ಲಿ ಎರಡು ಮಾತು ಹೇಳಲು ಒಂದು ನಿಮಿಷ ಸಾಕು. ಅತಿಥಿಗಳಿಗೆ ಶಾಲು ಹೊದಿಸಲು ಅದಕ್ಕಿಂತ ಹೆಚ್ಚು ಹೊತ್ತು ಹೋಗುತ್ತದೆ.